ಆರೋಗ್ಯ ವಿಚಾರ: ಹೃದಯವು ‘ಸಾಕು’ ಎಂದಾಗ

ನಮ್ಮ ಓದುಗರಾದ ಗೃಹಿಣಿಯೊಬ್ಬರು ಈ ತಿಂಗಳು ನಮಗೆ ಒಂದು ಪತ್ರವನ್ನು ಬರೆದಿದ್ದಾರೆ. ಅವರ ಮಾವನವರಿಗೆ ಎಪ್ಪತ್ತನ್ನು ದಾಟಿದ ವಯಸ್ಸು. ಕೆಲವು ತಿಂಗಳುಗಳಿಂದ ಸಂಜೆಯ ಹೊತ್ತಿಗೆ ಪಾದಗಳು ಬಾತುಕೊಳ್ಳುತ್ತವೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ರಾತ್ರಿ ತಲೆಗೆ ಎರಡು ದಿಂಬುಗಳನ್ನು ಇಟ್ಟುಕೊಳ್ಳದೆ ಮಲಗಲಾರರು. ವೈದ್ಯರು ರಕ್ತವನ್ನು ಪರೀಕ್ಷಿಸಿ, ‘ಹೃದಯದ ಹಾರ್ಮೋನು ಹೆಚ್ಚಾಗಿದೆ’ ಎಂದು ಹೇಳಿ, ಗುಳಿಗೆಗಳನ್ನು ಬರೆದುಕೊಟ್ಟು, ಉಪ್ಪನ್ನು ಬಹಳವಾಗಿ ಕಡಮೆ ಮಾಡಬೇಕೆಂದು ವಿಧಿಸಿದ್ದಾರೆ. ಮಾವನವರಾದರೋ ಸಪ್ಪೆಯ ಸಾರಿನ ಮುಂದೆ ಕುಳಿತು, ‘ಕೆಟ್ಟಿರುವುದು ಎದೆ, ಶಿಕ್ಷೆ ನಾಲಗೆಗೇಕೆ?’ ಎಂದು ದಿನವೂ ಕೇಳುತ್ತಾರಂತೆ. ‘ಹೃದಯಕ್ಕೂ ಉಪ್ಪಿಗೂ ಏನು ಸಂಬಂಧ? ಹೃದಯಕ್ಕೂ ಹಾರ್ಮೋನು ಎಂಬುದುಂಟೆ? ಅವರು ಒಪ್ಪುವಂತೆ ತಿಳಿಸಿಕೊಡಿ’ ಎಂಬುದು ಆ ಸೊಸೆಯ ಕೋರಿಕೆ.

ಮಾವನವರ ಪ್ರಶ್ನೆಯನ್ನು ಹಠವೆಂದು ತಳ್ಳಿಹಾಕುವುದಕ್ಕೆ ನಮಗೆ ಮನಸ್ಸಿಲ್ಲ. ಲೋಕದ ದೊಡ್ಡ ದೊಡ್ಡ ಶರೀರಶಾಸ್ತ್ರಜ್ಞರೂ ಬಹುಕಾಲ ಕೇಳದೆ ಬಿಟ್ಟ ಪ್ರಶ್ನೆಯದು. ಅದಕ್ಕೆ ತಕ್ಕ ಉತ್ತರವು ದೊರೆತದ್ದು ೧೯೮೧ರಲ್ಲಿ. ಆ ಉತ್ತರವನ್ನೂ ಅದರ ಹಿಂದಿರುವ ಸೂಕ್ಷ್ಮವಾದ ಯಂತ್ರವನ್ನೂ ಈ ಸಲ ನಮ್ಮ ಕೈಲಾದಮಟ್ಟಿಗೆ ವಿವರಿಸುತ್ತೇವೆ.

ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯನು ೧೬೨೮ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ರಕ್ತವು ಹೃದಯದಿಂದ ಹೊರಟು ಧಮನಿಗಳ ಮೂಲಕ ಶರೀರವನ್ನೆಲ್ಲ ಸುತ್ತಿ, ಸಿರೆಗಳ ಮೂಲಕ ಮರಳಿ ಹೃದಯವನ್ನೇ ಸೇರುತ್ತದೆಂಬುದನ್ನು ಯುಕ್ತಿಯಿಂದಲೂ ಪ್ರಯೋಗದಿಂದಲೂ ಸಾಧಿಸಿ ತೋರಿಸಿದನು. ಅಂದಿನಿಂದ ಹೃದಯವೆಂದರೆ ಒಂದು ಪಂಪು ಎಂಬ ಭಾವನೆಯು ಬೇರೂರಿತು. ಅದು ಸುಳ್ಳಲ್ಲ. ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ತೆಳುಗೋಡೆಯ ಕೋಣೆಗಳಿಗೆ ಹೃತ್ಕರ್ಣಗಳೆಂದೂ, ಕೆಳಗಿನ ಎರಡು ದಪ್ಪಗೋಡೆಯ ಕೋಣೆಗಳಿಗೆ ಹೃತ್ಕುಕ್ಷಿಗಳೆಂದೂ ಹೆಸರು. ಬಂದ ರಕ್ತವನ್ನು ಕರ್ಣಗಳು ಬರಮಾಡಿಕೊಳ್ಳುತ್ತವೆ. ಕುಕ್ಷಿಗಳು ಅದನ್ನು ಬಲವಾಗಿ ಹೊರದೂಡುತ್ತವೆ. ಇಷ್ಟೇ ಹೃದಯದ ಕೆಲಸವೆಂದು ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ಎಲ್ಲರೂ ನಂಬಿದ್ದರು.

ಇಪ್ಪತ್ತನೆಯ ಶತಮಾನದ ನಡುವೆ ಇದಕ್ಕೆ ಹೊಂದದ ಎರಡು ಸಂಗತಿಗಳು ಬೆಳಕಿಗೆ ಬಂದವು. ಎರಡೂ ಬಂದದ್ದು ೧೯೫೬ನೆಯ ಇಸವಿಯಲ್ಲಿ. ಬ್ರೂನೋ ಕಿಶ್ ಎಂಬ ವಿಜ್ಞಾನಿಯು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗಿನಿಪಿಗ್ಗಿನ ಹೃತ್ಕರ್ಣವನ್ನು ನೋಡುತ್ತಿದ್ದಾಗ, ಅಲ್ಲಿಯ ಜೀವಕೋಶಗಳಲ್ಲಿ ಕಪ್ಪಾದ ಸಣ್ಣ ಸಣ್ಣ ಹರಳುಗಳು ಅವನ ಕಣ್ಣಿಗೆ ಬಿದ್ದವು. ಅಂತಹ ಹರಳುಗಳು ಸಾಮಾನ್ಯವಾಗಿ ಕಾಣಬರುವುದು ರಸಗಳನ್ನು ಸ್ರವಿಸುವ ಗ್ರಂಥಿಗಳಲ್ಲಿ. ಮಾಂಸಖಂಡದಲ್ಲಿ ಅವುಗಳಿಗೇನು ಕೆಲಸ? ಅದೇ ವರ್ಷ ಹೆನ್ರಿ ಮತ್ತು ಪಿಯರ್ಸ್ ಎಂಬಿಬ್ಬರು ನಾಯಿಯ ಎಡ ಹೃತ್ಕರ್ಣದೊಳಕ್ಕೆ ಒಂದು ಪುಟ್ಟ ಬಲೂನನ್ನು ತೂರಿಸಿ ಉಬ್ಬಿಸಿದರು. ಕರ್ಣದ ಗೋಡೆಯು ಹಿಗ್ಗಿದೊಡನೆ ಆ ಪ್ರಾಣಿಯ ಮೂತ್ರದ ಪ್ರಮಾಣವು ಹೆಚ್ಚಿತು! ಎದೆಯಲ್ಲಿ ಬಲೂನು ಉಬ್ಬಿದ ಸುದ್ದಿ ಸೊಂಟದ ಬಳಿಯ ಮೂತ್ರಪಿಂಡಕ್ಕೆ ಮುಟ್ಟಿದ ಬಗೆ ಹೇಗೆ? ೧೯೬೪ರಲ್ಲಿ ಜೇಮಿಸನ್ ಮತ್ತು ಪಲಾಡೆ ಎಂಬವರು ಆ ಹರಳುಗಳನ್ನು ಇನ್ನೂ ವಿವರವಾಗಿ ಅಭ್ಯಾಸಮಾಡಿ ಪ್ರಕಟಿಸಿದರು. ಆದರೂ ಹರಳುಗಳ ಕೆಲಸವೇನೆಂಬುದು ಒಗಟಾಗಿಯೇ ಉಳಿಯಿತು.

ಈ ಒಗಟನ್ನು ಬಿಡಿಸಿದವರು ಅಡಾಲ್ಫೋ ಡಿ ಬೋಲ್ಡ್ ಎಂಬವರು. ಹುಟ್ಟಿದ್ದು ದಕ್ಷಿಣ ಅಮೆರಿಕದ ಅರ್ಜೆಂಟೀನಾದಲ್ಲಿ. ಕೆಲಸಮಾಡಿದ್ದು ಕೆನಡಾ ದೇಶದ ಕಿಂಗ್‌ಸ್ಟನ್ ನಗರದಲ್ಲಿ. ಅವರು ವರ್ಷಗಟ್ಟಲೆ ಆ ಹರಳುಗಳ ಬೆನ್ನುಹತ್ತಿ, ಕಡೆಗೆ ತಮ್ಮ ಸಂಗಡಿಗರೊಡನೆ ಬಹು ಸರಳವಾದ ಒಂದು ಪ್ರಯೋಗವನ್ನು ಮಾಡಿದರು. ಇಲಿಗಳ ಹೃತ್ಕರ್ಣವನ್ನು ಅರೆದು, ಅದರ ತಿಳಿಯನ್ನು ಬೇರೆ ಇಲಿಗಳ ರಕ್ತನಾಳಕ್ಕೆ ಸೇರಿಸಿದರು. ಕೆಲವೇ ನಿಮಿಷಗಳೊಳಗಾಗಿ ಆ ಇಲಿಗಳ ಮೂತ್ರದಲ್ಲಿ ಹೊರಬೀಳುವ ಸೋಡಿಯಂ ೩೦ ಪಟ್ಟಿಗಿಂತ ಹೆಚ್ಚಾಯಿತು. ಮೂತ್ರವು ೧೦ ಪಟ್ಟಾಯಿತು. ರಕ್ತದ ಒತ್ತಡವು ಇಳಿಯಿತು. ಹೃತ್ಕುಕ್ಷಿಯನ್ನು ಅದೇ ರೀತಿಯಲ್ಲಿ ಅರೆದು ಕೊಟ್ಟರೆ ಇಂತಹ ಪರಿಣಾಮವು ಉಂಟಾಗಲಿಲ್ಲ. ಆದುದರಿಂದ ಗುಣವಿದ್ದದ್ದು ಹರಳುಗಳಿದ್ದ ಕೋಣೆಯಲ್ಲಿಯೇ. ಈ ಲೇಖನವು ೧೯೮೧ರಲ್ಲಿ ಪ್ರಕಟವಾಯಿತು. ಸೋಡಿಯಂ ಎಂಬುದು ನಾವು ಅಡಿಗೆಗೆ ಹಾಕುವ ಉಪ್ಪಿನ ಒಂದು ಭಾಗವೆಂಬುದನ್ನು ಓದುಗರು ಬಲ್ಲರಷ್ಟೆ. ಹೃದಯಕ್ಕೂ ಉಪ್ಪಿಗೂ ಇರುವ ನಂಟು ಹೀಗೆ ಹೊರಬಿತ್ತು.

೧೯೮೪ರಲ್ಲಿ ಜಪಾನಿನ ಕಂಗಾವ ಮತ್ತು ಮತ್ಸುವೋ ಎಂಬ ವಿಜ್ಞಾನಿಗಳು ಮನುಷ್ಯರ ಹೃತ್ಕರ್ಣದಿಂದ ಆ ವಸ್ತುವನ್ನು ಬೇರ್ಪಡಿಸಿ, ಅದು ೨೮ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಒಂದು ಸಣ್ಣ ಸರವೆಂದು ತೋರಿಸಿದರು. ಇದಕ್ಕೆ ಎಎನ್‌ಪಿ ಎಂಬುದು ಸಂಕ್ಷೇಪದ ಹೆಸರು. ೧೯೮೮ರಲ್ಲಿ ಅದೇ ವಿಜ್ಞಾನಿಗಳ ತಂಡಕ್ಕೆ ಹಂದಿಯ ಮಿದುಳಿನಲ್ಲಿ ಇದರ ತಮ್ಮನೆನ್ನಬಹುದಾದ ಮತ್ತೊಂದು ಹಾರ್ಮೋನು ದೊರೆಯಿತು. ಮಿದುಳಿನಲ್ಲಿ ಸಿಕ್ಕಿತೆಂದು ಅದಕ್ಕೆ ಆ ಹೆಸರನ್ನೇ ಕೊಟ್ಟು ಬಿಎನ್‌ಪಿ ಎಂದು ಕರೆದರು. ಆಮೇಲೆ ನೋಡಿದರೆ ಮನುಷ್ಯರಲ್ಲಿ ಅದು ಮುಖ್ಯವಾಗಿ ಹುಟ್ಟುವುದು ಹೃದಯದಲ್ಲಿಯೇ, ಅದರಲ್ಲಿಯೂ ಹೃತ್ಕುಕ್ಷಿಗಳ ಮೇಲೆ ಭಾರ ಬಿದ್ದಾಗ! ಆದರೆ ಇಟ್ಟ ಹೆಸರು ಹಾಗೆಯೇ ಉಳಿದುಹೋಯಿತು. ಪತ್ರ ಬರೆದ ಸೋದರಿಯ ಮಾವನವರ ರಕ್ತದಲ್ಲಿ ವೈದ್ಯರು ಅಳೆದಿರುವುದು ಪ್ರಾಯಶಃ ಇದನ್ನೇ, ಇಲ್ಲವೆ ಇದು ಹುಟ್ಟುವಾಗ ಜೊತೆಯಲ್ಲಿ ಕಳಚಿ ಬೀಳುವ ತುಣುಕನ್ನು.

ಈ ಹಾರ್ಮೋನು ಹೊರಬರುವುದು ಯಾವಾಗ? ನಮ್ಮ ಊರಿನ ಕೆರೆಯನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮಳೆ ಹೆಚ್ಚಾಗಿ ನೀರು ಏರಿಯ ಮಟ್ಟಕ್ಕೆ ಬರುತ್ತಿದ್ದರೆ ನೀರಗಂಟಿಯು ಸುಮ್ಮನೆ ಕುಳಿತಿರುವುದಿಲ್ಲ. ತೂಬನ್ನೆತ್ತಿ ನೀರನ್ನು ಹೊರಕ್ಕೆ ಬಿಡುತ್ತಾನೆ. ಶರೀರದಲ್ಲಿ ಹೃತ್ಕರ್ಣವೇ ಆ ನೀರಗಂಟಿ. ನಾವು ಉಪ್ಪನ್ನು ಹೆಚ್ಚಾಗಿ ತಿಂದರೆ ಬಾಯಾರಿಕೆಯಾಗುತ್ತದೆ, ನೀರು ಕುಡಿಯುತ್ತೇವೆ. ಉಪ್ಪು ತಾನಿದ್ದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರಮಾಣವು ಹೆಚ್ಚುತ್ತದೆ. ಹೃದಯಕ್ಕೆ ಮರಳಿಬರುವ ರಕ್ತವು ಕರ್ಣದ ತೆಳುಗೋಡೆಯನ್ನು ಹಿಗ್ಗಿಸುತ್ತದೆ. ಹಿಗ್ಗಿದ ಗೋಡೆಯ ಜೀವಕೋಶಗಳು ತಮ್ಮಲ್ಲಿ ಕೂಡಿಟ್ಟುಕೊಂಡ ಹರಳುಗಳನ್ನು ಒಡೆದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ‘ತುಂಬಿತು, ಇನ್ನು ಸಾಕು’ ಎಂಬುದೇ ಆ ಸಂದೇಶದ ತಾತ್ಪರ್ಯ.

ಸಂದೇಶವು ಮುಖ್ಯವಾಗಿ ಎರಡು ಕಡೆಗೆ ಹೋಗುತ್ತದೆ. ಮೂತ್ರಪಿಂಡವನ್ನು ಸೇರಿದ ಹಾರ್ಮೋನು ಅಲ್ಲಿಯ ಶೋಧನೆಯನ್ನು ಹೆಚ್ಚಿಸಿ, ಸೋಡಿಯಂ ಮರಳಿ ರಕ್ತಕ್ಕೆ ಹೀರಲ್ಪಡುವುದನ್ನು ತಗ್ಗಿಸುತ್ತದೆ. ಉಪ್ಪೂ ಅದರ ಹಿಂದೆ ನೀರೂ ಹೊರಗೆ ಹೋಗುತ್ತವೆ. ಇನ್ನೊಂದು ಕಡೆ ರಕ್ತನಾಳಗಳು. ಇವುಗಳ ಗೋಡೆಯಲ್ಲಿ ಉಂಗುರದಂತೆ ಸುತ್ತುವರಿದ ಮಾಂಸತಂತುಗಳಿವೆ. ಅವು ಬಿಗಿದರೆ ನಾಳವು ಕಿರಿದಾಗಿ ಒತ್ತಡ ಏರುತ್ತದೆ. ಸಡಿಲವಾದರೆ ನಾಳವು ಅಗಲವಾಗಿ ಒತ್ತಡ ಇಳಿಯುತ್ತದೆ, ಹೃದಯವು ನೂಕಬೇಕಾದ ಹೊರೆಯೂ ಹಗುರವಾಗುತ್ತದೆ. ಹೃದಯದ ಮಾತನ್ನು ಕೇಳಿ ಈ ತಂತುಗಳು ಸಡಿಲವಾಗುವ ಬಗೆ ಹೇಗೆಂಬುದೇ ನಾವು ಇಂದು ಮುಖ್ಯವಾಗಿ ಹೇಳಬೇಕಾದ ವಿಷಯ.

ಮೊದಲು, ತಂತುಗಳು ಬಿಗಿಯುವುದೇಕೆ ಎಂಬುದನ್ನು ತಿಳಿಯೋಣ. ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯನು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿಟ್ಟು ಅದು ಬಡಿಯುವುದನ್ನು ಪರೀಕ್ಷಿಸುತ್ತಿದ್ದನು. ಉಪ್ಪುನೀರೊಂದೇ ಸಾಕೆಂದು ಅವನಿಗೆ ತೋರಿತು. ಬಳಿಕ ತಿಳಿದುಬಂದದ್ದೇನೆಂದರೆ, ಆ ಉಪ್ಪುನೀರನ್ನು ಬಟ್ಟಿಯಿಳಿಸಿದ ಶುದ್ಧ ನೀರಿನಿಂದ ಮಾಡಿರಲಿಲ್ಲ, ನಲ್ಲಿಯ ನೀರಿನಿಂದ ಮಾಡಿದ್ದರು! ಶುದ್ಧ ನೀರಿನಿಂದ ಮಾಡಿದ ದ್ರವದಲ್ಲಿ ಹೃದಯವು ಬೇಗನೆ ಸೋತುಹೋಯಿತು. ನಲ್ಲಿಯ ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶವೇ, ಅಂದರೆ ಕ್ಯಾಲ್ಸಿಯಂ ಎಂಬುದೇ, ಬಡಿತಕ್ಕೆ ಕಾರಣವಾಗಿತ್ತು. ೧೮೮೩ರಲ್ಲಿ ರಿಂಗರನು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡು ಇದನ್ನು ಪ್ರಕಟಿಸಿದನು. ಆಸ್ಪತ್ರೆಗಳಲ್ಲಿ ಇಂದಿಗೂ ಸಿರೆಯ ಮೂಲಕ ಏರಿಸುವ ಒಂದು ದ್ರವಕ್ಕೆ ಅವನ ಹೆಸರಿದೆ. ರಿಂಗರ್ ಲ್ಯಾಕ್ಟೇಟ್ ಎಂಬ ಮಾತನ್ನು ಓದುಗರಲ್ಲಿ ಹಲವರು ಕೇಳಿರಬಹುದು.

ಮಾಂಸತಂತುವನ್ನು ಬಿಗಿಯುವ ಕೀಲಿಯು ಹೀಗೆ ಕ್ಯಾಲ್ಸಿಯಮ್ಮಿನ ಕೈಯಲ್ಲಿದೆ. ನೀರಿನಲ್ಲಿ ಕರಗಿದ ಲವಣಗಳು ವಿದ್ಯುತ್ತಿನ ಅಂಶವನ್ನು ಹೊತ್ತ ಕಣಗಳಾಗಿ ಬಿಡಿಬಿಡಿಯಾಗುತ್ತವೆ. ಇವಕ್ಕೆ ಅಯಾನುಗಳೆಂದು ಹೆಸರು. ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂ ಇವೆಲ್ಲ ಶರೀರದಲ್ಲಿರುವುದು ಬಹುಮಟ್ಟಿಗೆ ಅಯಾನುಗಳ ರೂಪದಲ್ಲಿ. ಸಡಿಲವಾಗಿರುವ ತಂತುವಿನ ಒಳಗೆ ಇರುವುದಕ್ಕಿಂತ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆಯು ಸುಮಾರು ೧೦,೦೦೦ ಪಟ್ಟು ಹೆಚ್ಚು. ಎತ್ತರದ ಕೆರೆಯ ನೀರು ತಗ್ಗಿನ ಗದ್ದೆಗೆ ನುಗ್ಗಲು ಕಾದಿರುವಂತೆ, ಹೊರಗಿನ ಕ್ಯಾಲ್ಸಿಯಂ ಒಳಕ್ಕೆ ನುಗ್ಗಲು ಸದಾ ಕಾದಿರುತ್ತದೆ. ತೂಬು ತೆರೆದರೆ ಅದು ಒಳನುಗ್ಗುತ್ತದೆ, ತಂತು ಬಿಗಿಯುತ್ತದೆ. ಮತ್ತೆ ಸಡಿಲವಾಗಬೇಕಾದರೆ ತೂಬನ್ನು ಮುಚ್ಚಿದರಷ್ಟೇ ಸಾಲದು. ಒಳಗೆ ಬಂದುದನ್ನು ಎತ್ತಿ ಹೊರಕ್ಕೆ ಹಾಕಬೇಕು.

ಆದರೆ ನೀರು ತಾನಾಗಿ ತಗ್ಗಿಗೆ ಇಳಿದೀತೇ ಹೊರತು ದಿಣ್ಣೆಗೆ ಏರದು. ಏರಿಸುವುದಕ್ಕೆ ಏತ ಬೇಕು. ಏತವನ್ನು ತುಳಿಯುವ ದುಡಿಮೆ ಬೇಕು. ಪ್ರತಿಯೊಂದು ಜೀವಕೋಶದ ಪೊರೆಯಲ್ಲಿಯೂ ಅಂತಹ ಏತಗಳಿವೆ. ಅವನ್ನೇ ವಿಜ್ಞಾನಿಗಳು ಅಯಾನು ಪಂಪುಗಳೆನ್ನುವುದು. ನಾವು ಉಂಡ ಅನ್ನದಿಂದ ಜೀವಕೋಶವು ತಯಾರಿಸಿಕೊಳ್ಳುವ ಎಟಿಪಿ ಎಂಬ ವಸ್ತುವೇ ಇವುಗಳಿಗೆ ಕೂಲಿ. ಕ್ಯಾಲ್ಸಿಯಂ ಪಂಪುಗಳು ಎರಡು ಸ್ಥಳಗಳಲ್ಲಿವೆ. ಒಂದು ಬಗೆಯದು ಹೊರಪೊರೆಯಲ್ಲಿದ್ದು ಕ್ಯಾಲ್ಸಿಯಮ್ಮನ್ನು ಜೀವಕೋಶದಿಂದ ಆಚೆಗೆ ತಳ್ಳುತ್ತದೆ. ಇಂತಹ ಪಂಪು ಉಂಟೆಂಬುದನ್ನು ಶಾಟ್ಸ್‌ಮನ್ ಎಂಬ ವಿಜ್ಞಾನಿಯು ೧೯೬೬ರಲ್ಲಿ ಕೆಂಪು ರಕ್ತಕಣಗಳಲ್ಲಿ ತೋರಿಸಿದನು. ಇನ್ನೊಂದು ಬಗೆಯದು ಜೀವಕೋಶದ ಒಳಗಿರುವ ಕಣಜದಂತಹ ಚೀಲಗಳ ಗೋಡೆಯಲ್ಲಿದ್ದು, ಕ್ಯಾಲ್ಸಿಯಮ್ಮನ್ನು ಆ ಕಣಜಕ್ಕೆ ತುಂಬುತ್ತದೆ.

ಇವೆರಡರ ಬೆನ್ನಿಗೆ ನಿಂತಿರುವುದು ಸೋಡಿಯಂ ಪಂಪು. ಡೆನ್ಮಾರ್ಕಿನ ಜೆನ್ಸ್ ಸ್ಕೂ ಎಂಬವರು ಸಮುದ್ರತೀರದ ಏಡಿಗಳ ಕಾಲಿನ ನರಗಳನ್ನು ಪರೀಕ್ಷಿಸಿ ೧೯೫೭ರಲ್ಲಿ ಇದನ್ನು ಕಂಡುಹಿಡಿದರು. ನಾಲ್ವತ್ತು ವರ್ಷಗಳ ಮೇಲೆ, ೧೯೯೭ರಲ್ಲಿ, ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅವರಿಗೆ ಅರ್ಧ ಭಾಗ ದೊರೆಯಿತು. ಈ ಪಂಪು ಒಂದು ಸುತ್ತು ತಿರುಗಿದರೆ ೩ ಸೋಡಿಯಂ ಅಯಾನುಗಳು ಹೊರಕ್ಕೂ ೨ ಪೊಟಾಸಿಯಂ ಅಯಾನುಗಳು ಒಳಕ್ಕೂ ಹೋಗುತ್ತವೆ. ನಾವು ಸುಮ್ಮನೆ ಮಲಗಿರುವಾಗಲೂ ನಮ್ಮ ಶರೀರವು ವ್ಯಯಮಾಡುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಈ ಒಂದು ಪಂಪೇ ತಿಂದುಹಾಕುತ್ತದೆಂದು ಲೆಕ್ಕಹಾಕಿದ್ದಾರೆ. ಅಷ್ಟರಮಟ್ಟಿಗೆ ಅದು ಪ್ರಾಣಕ್ಕೆ ಅವಶ್ಯಕವಾದುದು. ನಮ್ಮ ಹಿತ್ತಿಲುಗಳಲ್ಲಿ ಹೂವಿಗಾಗಿ ಬೆಳೆಸುವ ಕಣಗಿಲೆಯು ಪ್ರಾಣಾಂತಕವಾದ ವಿಷವೆಂಬುದನ್ನು ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರಷ್ಟೆ. ಆ ಗಿಡದ ವಿಷವು ಮಾಡುವ ಕೆಲಸವು ಈ ಸೋಡಿಯಂ ಪಂಪನ್ನು ತಡೆಯುವುದೇ. ೧೭೮೫ರಲ್ಲಿ ಇಂಗ್ಲೆಂಡಿನ ವಿದರಿಂಗ್ ಎಂಬ ವೈದ್ಯನು ಬಾವಿನ ರೋಗಕ್ಕೆ ಔಷಧವೆಂದು ವರ್ಣಿಸಿದ ಡಿಜಿಟಾಲಿಸ್ ಗಿಡದ ಸತ್ತ್ವವೂ ಈ ಪಂಪನ್ನೇ ಹಿಡಿದು ನಿಲ್ಲಿಸುವ ಜಾತಿಯದು. ವೈದ್ಯನು ಅಳೆದುಕೊಟ್ಟ ಅಲ್ಪ ಪ್ರಮಾಣದಲ್ಲಿ ಅದು ಹೃದಯದ ಬಡಿತಕ್ಕೆ ಬಲವನ್ನೀಯುತ್ತದೆ. ಮಿತಿ ಮೀರಿದರೆ ಕೊಲ್ಲುತ್ತದೆ.

ಈಗ ಹೃದಯದ ಸಂದೇಶವು ಏನು ಮಾಡುತ್ತದೆಂಬುದನ್ನು ನೋಡೋಣ. ಹಾರ್ಮೋನು ತಂತುವಿನ ಒಳಕ್ಕೆ ಹೋಗುವುದೇ ಇಲ್ಲ. ಪೊರೆಯ ಮೇಲೆ ಅದಕ್ಕೆಂದೇ ಇರುವ ಗ್ರಾಹಕದಲ್ಲಿ ಕುಳಿತುಕೊಳ್ಳುತ್ತದೆ. ಬಾಗಿಲಲ್ಲಿ ನಿಂತವನು ಕರೆಗಂಟೆಯನ್ನು ಒತ್ತಿದರೆ ಒಳಗೆ ಸದ್ದಾಗುವಂತೆ, ಗ್ರಾಹಕದ ಒಳತುದಿಯು ಸೈಕ್ಲಿಕ್ ಜಿಎಂಪಿ ಎಂಬ ಒಂದು ವಸ್ತುವನ್ನು ತಯಾರಿಸಲು ತೊಡಗುತ್ತದೆ. ಎದೆನೋವು ಬಂದವರು ನಾಲಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆಯೂ ಬೇರೆ ದಾರಿಯಿಂದ ಬಂದು ಇದೇ ವಸ್ತುವನ್ನು ಹೆಚ್ಚಿಸಿ ರಕ್ತನಾಳವನ್ನು ಸಡಿಲಗೊಳಿಸುತ್ತದೆ. ಈ ವಸ್ತುವಿನಿಂದ ಎಚ್ಚರಗೊಂಡ ಒಂದು ಕಿಣ್ವವು ಮನೆಯ ಯಜಮಾನನಂತೆ ಹಲವು ಕಡೆಗೆ ಆಜ್ಞೆಗಳನ್ನು ಕಳುಹಿಸುತ್ತದೆ.

ಮೊದಲನೆಯದಾಗಿ, ಒಳಕಣಜದ ಕ್ಯಾಲ್ಸಿಯಂ ಪಂಪಿಗೆ ಹಾಕಿದ್ದ ಕಡಿವಾಣದಂತಹ ಒಂದು ಪ್ರೋಟೀನನ್ನು ಅದು ಸಡಲಿಸುತ್ತದೆ. ಪಂಪು ಚುರುಕಾಗಿ ಕ್ಯಾಲ್ಸಿಯಮ್ಮನ್ನು ಎತ್ತಿ ಕಣಜಕ್ಕೆ ತುಂಬುತ್ತದೆ. ಹೊರಪೊರೆಯ ಪಂಪಿಗೂ ಪ್ರೇರಣೆ ದೊರೆಯುತ್ತದೆ. ಎರಡನೆಯದಾಗಿ, ಪೊಟಾಸಿಯಂ ಹೊರಗೆ ಹರಿಯುವ ತೂಬುಗಳು ತೆರೆಯುತ್ತವೆ. ಪೊಟಾಸಿಯಂ ಹೊರಟುಹೋದಂತೆ ತಂತುವಿನ ಒಳಭಾಗದ ವಿದ್ಯುತ್ತು ಇನ್ನಷ್ಟು ಋಣವಾಗಿ, ಕ್ಯಾಲ್ಸಿಯಂ ಒಳಬರುವ ತೂಬುಗಳು ಮುಚ್ಚಿಕೊಳ್ಳುತ್ತವೆ. ಈ ಪೊಟಾಸಿಯಮ್ಮನ್ನು ಮೊದಲು ಒಳಗೆ ತುಂಬಿಟ್ಟದ್ದು ಸೋಡಿಯಂ ಪಂಪು. ಅದು ದುಡಿದಿರದಿದ್ದರೆ ತೂಬು ತೆರೆದೂ ಫಲವಿರುತ್ತಿರಲಿಲ್ಲ. ಕೆಲವು ಪ್ರಾಣಿಗಳ ರಕ್ತನಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಈ ಸಂದೇಶವು ಸೋಡಿಯಂ ಪಂಪನ್ನೇ ನೇರವಾಗಿ ಚುರುಕುಗೊಳಿಸಿದ್ದೂ ಕಂಡುಬಂದಿದೆ. ಮೂರನೆಯದಾಗಿ, ಉಳಿದ ಅಲ್ಪಸ್ವಲ್ಪ ಕ್ಯಾಲ್ಸಿಯಮ್ಮಿನ ಮಾತನ್ನು ತಂತುವು ಅಷ್ಟಾಗಿ ಕೇಳದಂತೆ ಬಿಗಿತದ ಯಂತ್ರವನ್ನೇ ಮಂದಗೊಳಿಸುವ ಏರ್ಪಾಡೂ ನಡೆಯುತ್ತದೆ. ಇವೆಲ್ಲವೂ ಸೇರಿ ಕ್ಯಾಲ್ಸಿಯಂ ಇಳಿಯುತ್ತದೆ, ತಂತು ಸಡಿಲುತ್ತದೆ, ನಾಳವು ಅಗಲವಾಗುತ್ತದೆ. ಎದೆಯಲ್ಲಿರುವ ಒಂದು ದೊಡ್ಡ ಪಂಪು ತನ್ನ ಹೊರೆಯನ್ನು ಇಳಿಸಿಕೊಳ್ಳುವುದಕ್ಕೆ ಕಣ್ಣಿಗೆ ಕಾಣದ ಕೋಟ್ಯಂತರ ಪಂಪುಗಳ ನೆರವನ್ನು ಕೋರುವುದೆಂದರೆ ಅದೇನು ಸಾಮಾನ್ಯವಾದ ಸಂಗತಿಯೆ!

ಇಷ್ಟು ಒಳ್ಳೆಯ ವ್ಯವಸ್ಥೆಯಿರುವಾಗ ಮಾವನವರ ಪಾದಗಳೇಕೆ ಬಾತುಕೊಂಡವು ಎಂದು ಓದುಗರು ಕೇಳಬಹುದು. ನೀರಗಂಟಿ ಒಬ್ಬನೇ ಊರನ್ನಾಳುವುದಿಲ್ಲ. ‘ಉಪ್ಪನ್ನು ಹಿಡಿದಿಡು, ನಾಳವನ್ನು ಬಿಗಿ’ ಎಂದು ಹೇಳುವ ಹಾರ್ಮೋನುಗಳೂ ಶರೀರದಲ್ಲಿವೆ. ಗಾಯವಾಗಿ ರಕ್ತ ಸೋರಿದಾಗ, ಭೇದಿಯಾಗಿ ನೀರು ಹೋದಾಗ ಪ್ರಾಣವನ್ನು ಉಳಿಸುವವು ಅವೇ. ಆದರೆ ಹೃದಯವು ದುರ್ಬಲವಾಗಿ ರಕ್ತವನ್ನು ಸಾಕಷ್ಟು ನೂಕಲಾರದೆಹೋದರೆ, ಮೂತ್ರಪಿಂಡಕ್ಕೆ ಬರುವ ರಕ್ತವೂ ಕಡಮೆಯಾಗುತ್ತದೆ. ಆಗ ಮೂತ್ರಪಿಂಡವು ‘ಶರೀರದಲ್ಲಿ ನೀರೇ ಇಲ್ಲ’ ಎಂದು ತಪ್ಪಾಗಿ ತಿಳಿದು, ರೆನಿನ್ ಎಂಬುದನ್ನು ಹೊರಬಿಟ್ಟು, ಉಪ್ಪನ್ನೂ ನೀರನ್ನೂ ಹಿಡಿದಿಡುವ ಕಾರ್ಯಕ್ಕೆ ತೊಡಗುತ್ತದೆ. ಇತ್ತ ಕೋಣೆಗಳು ತುಂಬಿ ಹಿಗ್ಗಿದ ಹೃದಯವು ‘ಸಾಕು, ಸಾಕು’ ಎಂದು ಕೂಗುತ್ತಲೇ ಇರುತ್ತದೆ. ದಿನಗಟ್ಟಲೆ ಕೂಗಿದ ಮಾತಿಗೆ ಕೇಳುವವರ ಕಿವಿ ಮಂದವಾಗುವಂತೆ, ಗ್ರಾಹಕಗಳ ಪ್ರತಿಕ್ರಿಯೆಯೂ ಮೊದಲಿನಂತಿರುವುದಿಲ್ಲ. ಹೆಚ್ಚಾದ ನೀರು ರಕ್ತನಾಳದಿಂದ ಸೋರಿ ಪಾದಗಳಲ್ಲಿಯೂ ಶ್ವಾಸಕೋಶಗಳಲ್ಲಿಯೂ ನಿಲ್ಲುತ್ತದೆ. ಮಲಗಿದಾಗ ಉಸಿರು ಕಟ್ಟುವುದು ಆ ಕಾರಣದಿಂದಲೇ.

ಆದುದರಿಂದ ರಕ್ತದಲ್ಲಿ ಹೃದಯದ ಹಾರ್ಮೋನು ಹೆಚ್ಚಿರುವುದೇ ರೋಗವೆಂದು ತಿಳಿಯಬಾರದು. ನಾಯಿ ಬೊಗಳಿದ್ದರಿಂದ ಕಳ್ಳನು ಬರಲಿಲ್ಲ. ಕಳ್ಳನು ಬಂದದ್ದರಿಂದ ನಾಯಿ ಬೊಗಳಿತು. ಏದುಸಿರು ಬಂದ ರೋಗಿಯಲ್ಲಿ ತೊಂದರೆಯು ಹೃದಯದ್ದೋ ಶ್ವಾಸಕೋಶದ್ದೋ ಎಂಬುದನ್ನು ಬೇರ್ಪಡಿಸುವುದಕ್ಕೆ ವೈದ್ಯರಿಗೆ ಈ ಅಳತೆಯು ಬಹಳ ಸಹಾಯಕ. ವಯಸ್ಸಾದವರಲ್ಲಿಯೂ ಮೂತ್ರಪಿಂಡದ ರೋಗವುಳ್ಳವರಲ್ಲಿಯೂ ಅದು ಸ್ವಲ್ಪ ಹೆಚ್ಚಾಗಿರಬಹುದು; ದೇಹ ದಪ್ಪವಿರುವವರಲ್ಲಿ ಕಡಮೆಯಾಗಿ ಕಾಣಬಹುದು. ಪರೀಕ್ಷೆಯ ಕಾಗದದ ಮೇಲಿನ ಅಂಕಿಯನ್ನು ನೋಡಿ ಮನೆಯವರು ತಾವೇ ತೀರ್ಮಾನಿಸಬಾರದು.

ಬೊಗಳುವ ನಾಯಿಯನ್ನು ಸುಮ್ಮನಾಗಿಸುವುದಕ್ಕೆ ಬದಲಾಗಿ ಅದರ ದನಿಗೆ ಬಲ ಕೊಟ್ಟರೆ ಹೇಗೆ? ವಿಜ್ಞಾನಿಗಳು ಇದನ್ನೂ ಮಾಡಿನೋಡಿದ್ದಾರೆ. ಎಎನ್‌ಪಿಯು ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ನೆಪ್ರಿಲೈಸಿನ್ ಎಂಬ ಕಿಣ್ವವು ಇಂತಹ ಹಾರ್ಮೋನುಗಳನ್ನು ಕತ್ತರಿಸಿಹಾಕುತ್ತದೆ. ಆ ಕಿಣ್ವವನ್ನು ತಡೆಯುವ ಸಕುಬಿಟ್ರಿಲ್ ಎಂಬುದನ್ನು, ಎದುರುಪಕ್ಷದ ಹಾರ್ಮೋನಿನ ಕೆಲಸವನ್ನು ತಡೆಯುವ ವಾಲ್ಸಾರ್ಟನ್ ಎಂಬುದರೊಡನೆ ಸೇರಿಸಿ ಒಂದು ಔಷಧವನ್ನು ತಯಾರಿಸಿದರು. ಹೃದಯದ ದೌರ್ಬಲ್ಯವುಳ್ಳ ೮,೪೪೨ ರೋಗಿಗಳಲ್ಲಿ ಅದನ್ನು ಹಿಂದಿನ ಒಳ್ಳೆಯ ಔಷಧವಾದ ಎನಾಲಾಪ್ರಿಲ್ ಎಂಬುದರೊಡನೆ ಹೋಲಿಸಿ ನೋಡಿದ ಫಲವು ೧೯೮೧ರ ಆ ಇಲಿಗಳ ಪ್ರಯೋಗಕ್ಕೆ ಮೂವತ್ತಮೂರು ವರ್ಷಗಳ ಮೇಲೆ, ೨೦೧೪ರಲ್ಲಿ, ಪ್ರಕಟವಾಯಿತು. ಹೃದಯದ ಕಾರಣದಿಂದ ಸಾಯುವುದು ಇಲ್ಲವೆ ಹೃದಯದ ದೌರ್ಬಲ್ಯಕ್ಕಾಗಿ ಆಸ್ಪತ್ರೆಯನ್ನು ಸೇರುವುದು, ಇವೆರಡೂ ಒಟ್ಟಿನಲ್ಲಿ ನೂರಕ್ಕೆ ಸುಮಾರು ಇಪ್ಪತ್ತರಷ್ಟು ತಗ್ಗಿದ್ದವು. ಇದು ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಇನ್ನು ಸೊಸೆಯ ಅಡಿಗೆಮನೆಗೆ ಬರೋಣ. ಶರೀರದಲ್ಲಿ ೯ ಗ್ರಾಂ ಉಪ್ಪು ಹೆಚ್ಚಾಗಿ ಉಳಿದರೆ ಅದು ಸುಮಾರು ೧ ಲೀಟರು ನೀರನ್ನು ತನ್ನೊಡನೆ ನಿಲ್ಲಿಸಿಕೊಳ್ಳುತ್ತದೆ. ಬಲವಾದ ಹೃದಯವುಳ್ಳವರು ಹಬ್ಬದ ದಿನ ಹೆಚ್ಚು ಉಪ್ಪು ತಿಂದರೂ ಒಂದೆರಡು ದಿನಗಳಲ್ಲಿ ಅದನ್ನು ಹೊರಗೆ ಹಾಕುತ್ತಾರೆ; ಸೋತ ಹೃದಯವುಳ್ಳವರಿಗೆ ಅದು ಸಾಧ್ಯವಾಗದು. ಆರೋಗ್ಯವಂತರಾದ ವಯಸ್ಕರಿಗೂ ದಿನಕ್ಕೆ ೫ ಗ್ರಾಮಿಗಿಂತ ಕಡಮೆ, ಅಂದರೆ ಒಂದು ಸಣ್ಣ ಚಮಚದೊಳಗೆ, ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ರೋಗಿಗೆ ಎಷ್ಟೆಂಬುದನ್ನು ಅವರ ವೈದ್ಯರು ಹೇಳಿದಂತೆ ನಡೆಸಬೇಕು. ಸಾರಿಗೆ ಹಾಕಿದ ಉಪ್ಪನ್ನು ಮಾತ್ರ ಎಣಿಸಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಅಂಗಡಿಯ ಕುರುಕಲು ತಿಂಡಿ, ರೊಟ್ಟಿಬಿಸ್ಕತ್ತುಗಳನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಸೈಂಧವ ಲವಣವೂ ಬಹುಮಟ್ಟಿಗೆ ಅದೇ ಸೋಡಿಯಂ ಲವಣವಾದುದರಿಂದ ಅದನ್ನು ಬೇಕಾದಷ್ಟು ಹಾಕಬಹುದೆಂಬ ನಂಬಿಕೆ ಸರಿಯಲ್ಲ. ಅಂಗಡಿಗಳಲ್ಲಿ ದೊರೆಯುವ, ಪೊಟಾಸಿಯಂ ಬೆರೆಸಿದ ಬದಲಿ ಉಪ್ಪು ಕೆಲವರಿಗೆ ಹಿತವಾದರೂ, ಮೂತ್ರಪಿಂಡದ ರೋಗವಿರುವವರಿಗೂ ಹೃದಯಕ್ಕಾಗಿ ಕೆಲವು ಗುಳಿಗೆಗಳನ್ನು ನುಂಗುವವರಿಗೂ ಅಪಾಯಕಾರಿಯಾಗಬಹುದು, ಕೇಳದೆ ಬಳಸಬಾರದು. ನಿಂಬೆ, ಮೆಣಸು, ಜೀರಿಗೆ, ಶುಂಠಿ, ಇಂಗು, ಕೊತ್ತಂಬರಿ, ಕರಿಬೇವುಗಳ ಒಗ್ಗರಣೆಯಿಂದ ಸಪ್ಪೆಯ ಸಾರಿಗೂ ರುಚಿ ಬರುತ್ತದೆ. ನಾಲಗೆಯು ಕೆಲವು ವಾರಗಳಲ್ಲಿ ಕಡಮೆ ಉಪ್ಪಿಗೆ ಹೊಂದಿಕೊಳ್ಳುತ್ತದೆ. ಮಾವನವರಿಗೊಬ್ಬರಿಗೇ ಬೇರೆ ಎಲೆ ಹಾಕಿದಂತೆ ಮಾಡದೆ ಮನೆಯವರೆಲ್ಲರೂ ಉಪ್ಪನ್ನು ತಗ್ಗಿಸಿದರೆ ಅವರ ಮನಸ್ಸಿಗೂ ಹಿತ, ಉಳಿದವರ ರಕ್ತದ ಒತ್ತಡಕ್ಕೂ ಹಿತ.

ಒಂದು ಅಭ್ಯಾಸವನ್ನು ಮಾತ್ರ ತಪ್ಪದೆ ನಡೆಸಬೇಕು. ಪ್ರತಿದಿನವೂ ಬೆಳಗ್ಗೆ ಮೂತ್ರವಿಸರ್ಜನೆಯಾದ ಮೇಲೆ, ತಿಂಡಿಗೆ ಮೊದಲು, ರೋಗಿಯನ್ನು ತೂಕಮಾಡಿ ಬರೆದಿಡಬೇಕು. ಮೂರು ದಿನಗಳಲ್ಲಿ ೨ ಕಿಲೋಗ್ರಾಮಿಗಿಂತ ಹೆಚ್ಚು ತೂಕ ಏರಿದರೆ ಅದು ಮೈಗೂಡಿದ ಮಾಂಸವಲ್ಲ, ನಿಂತ ನೀರು. ಬಾವು ಕಾಣುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಕುಳಿತಲ್ಲಿಯೇ ಉಸಿರು ಕಟ್ಟುವುದು, ಎದೆನೋವು, ಎಚ್ಚರತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಲಿನ ಬಾವು ಇಳಿಯಿತೆಂದು ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸುವುದು ಬಹು ಮನೆಗಳಲ್ಲಿ ನಡೆಯುವ ತಪ್ಪು; ಅದಕ್ಕೆ ಅವಕಾಶ ಕೊಡಬಾರದು.

ಪತ್ರ ಬರೆದ ಸೋದರಿಯು ಮಾವನವರಿಗೆ ಹೀಗೆ ಹೇಳಬಹುದೆಂದು ನಮಗೆ ತೋರುತ್ತದೆ: ‘ಮಾವನವರೇ, ಇದು ವೈದ್ಯರು ನಿಮ್ಮ ನಾಲಗೆಗೆ ವಿಧಿಸಿದ ಶಿಕ್ಷೆಯಲ್ಲ. ಉಪ್ಪು ಸಾಕೆಂದು ಮೊದಲು ಹೇಳಿದ್ದು ನಿಮ್ಮ ಹೃದಯವೇ. ವೈದ್ಯರು ಅದರ ಮಾತನ್ನು ರಕ್ತದಲ್ಲಿ ಓದಿ ನಮಗೆ ತಿಳಿಸಿದ್ದಾರೆ, ಅಷ್ಟೆ.’ ಎಪ್ಪತ್ತು ವರ್ಷ ಒಂದು ಕ್ಷಣವೂ ವಿಶ್ರಾಂತಿಯಿಲ್ಲದೆ ದುಡಿದ ಹೃದಯವು ಈಗ ಕೇಳುತ್ತಿರುವುದು ಇಷ್ಟು ಮಾತ್ರ. ಅದನ್ನು ನಡೆಸಿಕೊಡುವುದು ಮನೆಯವರೆಲ್ಲರಿಗೂ ಸೇರಿದ ಕೆಲಸ. ಆ ಹಿರಿಯರು ಬೇಗ ಸುಧಾರಿಸಿಕೊಂಡು ಒಂದೇ ದಿಂಬಿನ ಮೇಲೆ ಸುಖವಾಗಿ ನಿದ್ರಿಸುವಂತಾಗಲೆಂದು ಹಾರೈಸುತ್ತೇವೆ.